ಓಡೋರು ಬಾಡಿಗೆ ಮನೆ ನೋಡೋ ಹೊತ್ತು

ಕಿರುಗಾವಲಲ್ಲಿ ಬನ್ನೂರು ರಸ್ತೆಗುಂಟ ಓಡ್ತಿದ್ದೋರು ಈಗ ಬೆಂಗಳೂರಲ್ಲಿ ಮನೆ ಹುಡುಕ್ತಿದ್ದೀರಾ? ಬ್ರೋಕರ್ ತೋರಿಸೋದು ಹಗಲಲ್ಲಿ. ಅಡ್ವಾನ್ಸ್ ಕೊಡೋಕೆ ಮುಂಚೆ ಬೆಳಗಿನ ಜಾವ ಐದೂವರೆಗೆ ನೀವೇ ಒಂದ್ಸಲ ಆ ಬೀದೀಲಿ ಓಡಾಡಿ. ‘ಏರಿಯಾ ಸೇಫಾ?’ ಅಂತ ಓನರ್‌ನ ಕೇಳಬೇಡಿ, ಯಾವ ಓನರ್ ತಾನೇ ಇಲ್ಲ ಅಂತಾರೆ! ಹಾಲಿನ ಬೂತ್ ತೆಗೆದಿದೆಯಾ, ಹೆಂಗಸರು ಒಬ್ಬೊಬ್ಬರೇ ವಾಕಿಂಗ್ ಬರ್ತಿದ್ದಾರಾ, ಅದನ್ನ ನೋಡಿ. ನನ್ನ ಕೇಳಿದ್ರೆ ಸಿಸಿಟಿವಿಗಿಂತ ಅದೇ ಖಾತ್ರಿ. ಬೀದಿದೀಪ, ಫುಟ್‌ಪಾತ್ ಚಪ್ಪಡಿ ಮೇಲೂ ಕಣ್ಣಾಡಿಸಿ. ನಾಯಿಗಳಾ? ಊರಲ್ಲಿ ಅವಕ್ಕೆ ನಿಮ್ಮ ಗುರುತಿತ್ತು. ಇಲ್ಲಿ ಅಟ್ಟಿಸಿಕೊಂಡು ಬಂದ್ರೆ ಓಟ ನಿಲ್ಲಿಸಿ, ನಿಧಾನಕ್ಕೆ ನಡೆದು ದಾಟಿ. ಬೀದಿ ಹಿಡಿಸ್ಲೇ ಇಲ್ವಾ? 240 ಎಕರೆಯ ಲಾಲ್‌ಬಾಗ್ ಇದೆ. ಎಲ್ಲೇ ಓಡಿದ್ರೂ ಇಯರ್‌ಫೋನ್ ಒಂದೇ ಕಿವಿಗೆ. ತೊಂದರೆ ಅನ್ನಿಸಿದ್ರೆ 112ಕ್ಕೆ ಫೋನ್ ಮಾಡಿ.