ನಾವಿಕನಾಗಿ ಸೇರಿದವ ಆಫೀಸರ್ ಆಗೋದುಂಟೆ? ಉಂಟು ಸ್ವಾಮೀ, ಆದರೆ...

ಲಕ್ಷ್ಮೀಪುರಂ: ಸಮುದ್ರದ ಮುಖ ನೋಡಬೇಕಾದರೆ ಮೈಸೂರಿನವರು ಘಾಟಿ ಇಳಿದು ಸುಮಾರು 250 ಕಿ.ಮೀ. ದೂರದ ಮಂಗಳೂರಿಗೆ ಹೋಗಬೇಕು. ನಮ್ಮ ಪಾಲಿಗೆ ದಿನನಿತ್ಯದ ನೀರೆಂದರೆ ಕುಕ್ಕರಹಳ್ಳಿ ಕೆರೆ, ಅಬ್ಬರದ ನೀರೆಂದರೆ ಕನ್ನಂಬಾಡಿ. ಹಾಗಿದ್ದೂ ಈ ಊರಿನ ಹುಡುಗರು ನೌಕಾಪಡೆಗೆ ಅರ್ಜಿ ಹಾಕುವುದನ್ನು ಬಿಟ್ಟವರಲ್ಲ. ಪಿಯುಸಿ ಅಂಕಪಟ್ಟಿ ಹಿಡಿದು ಜೆರಾಕ್ಸ್ ಅಂಗಡಿಗೆ ಬರುವವರಲ್ಲಿ ಅಂಥವರೂ ಇರುತ್ತಾರೆ.

ಹುಡುಗ ಸೇರಿ ಆಯಿತು, ಬಿಳಿ ಸಮವಸ್ತ್ರದ ಫೋಟೋ ಮನೆಯ ಗೋಡೆ ಏರಿತು ಅನ್ನಿ. ಆಮೇಲೆ ಅಪ್ಪ ಅಮ್ಮಂದಿರನ್ನು ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ‘ನಾವಿಕ ಅಂತ ಸೇರಿದ್ದಾನೆ. ಮುಂದೆ ಆಫೀಸರ್ ಆಗ್ತಾನಾ?’

ಅಂಗಡಿ ಮುಂದೆ ನಿಂತವರಲ್ಲಿ ಒಬ್ಬರು, ‘ಅದೆಲ್ಲಾ ಆಗದ ಮಾತು ಕಣ್ರೀ, ಸಿಪಾಯಿ ಅಂದ್ರೆ ಕೊನೇವರೆಗೂ ಸಿಪಾಯಿ’ ಅನ್ನುತ್ತಾರೆ. ಇನ್ನೊಬ್ಬರು, ‘ಸರ್ವೀಸ್ ಆದ್ರೆ ತಾನಾಗೇ ಪ್ರಮೋಷನ್ ಬರುತ್ತೆ, ನಮ್ಮ ಆಫೀಸ್‌ನಲ್ಲಿ ಗುಮಾಸ್ತ ಮ್ಯಾನೇಜರ್ ಆಗ್ಲಿಲ್ವಾ?’ ಅನ್ನುತ್ತಾರೆ. ಇಬ್ಬರದೂ ತಪ್ಪು. ದಾರಿ ಇದೆ, ಆದರೆ ಅದು ತಾನಾಗಿ ಬರುವ ಬಡ್ತಿಯಲ್ಲ. ಅರ್ಜಿ ಹಾಕಿ, ಪರೀಕ್ಷೆ ಬರೆದು, ಹೊಸದಾಗಿ ಆಯ್ಕೆಯಾಗಬೇಕಾದ ದಾರಿ.

ಎರಡು ಬಾಗಿಲ ಹಡಗು

ನೌಕಾಪಡೆಗೆ ಹೊರಗಿನಿಂದ ಎರಡು ಬಾಗಿಲು. ಮೊದಲನೆಯದು ಆಫೀಸರುಗಳದ್ದು. ಹೈಸ್ಕೂಲು ದಾಟಿದ ಹುಡುಗ ಹುಡುಗಿಯರು ಯುಪಿಎಸ್‌ಸಿ ನಡೆಸುವ ಎನ್‌ಡಿಎ ಪರೀಕ್ಷೆ ಬರೆದೋ, ಪದವಿ ಮುಗಿಸಿಯೋ ನೇರವಾಗಿ ಅಲ್ಲಿ ಕಾಲಿಡುತ್ತಾರೆ. ವಿಜಯಪುರ ಮತ್ತು ಕೊಡಗಿನ ಸೈನಿಕ ಶಾಲೆಗಳಲ್ಲಿ ಓದುವ ಮಕ್ಕಳ ಕಣ್ಣು ಈ ಬಾಗಿಲ ಮೇಲೆಯೇ.

ಎರಡನೆಯದು ನಾವಿಕರದ್ದು. ಇವರ ಮೊದಲ ತರಬೇತಿ ಒಡಿಶಾದ ಚಿಲಿಕಾ ಸರೋವರದ ದಂಡೆಯಲ್ಲಿರುವ ಐಎನ್‌ಎಸ್ ಚಿಲ್ಕಾದಲ್ಲಿ. ರಂಗರೂಟಾಗಿ ಹೋದವ ಸೀಮನ್ ಆಗುತ್ತಾನೆ. ಆಮೇಲೆ ಲೀಡಿಂಗ್ ದರ್ಜೆ, ಪೆಟಿ ಆಫೀಸರ್, ಚೀಫ್ ಪೆಟಿ ಆಫೀಸರ್. ಏಣಿಯ ತುದಿಯಲ್ಲಿ ಮಾಸ್ಟರ್ ಚೀಫ್ ಪೆಟಿ ಆಫೀಸರ್ ಒಂದನೇ ದರ್ಜೆ. ಭೂಸೇನೆಯ ಸುಬೇದಾರ್ ಮೇಜರ್‌ಗೆ ಸಮನಾದ ಸ್ಥಾನ ಅದು.

ಪೆಟಿ ‘ಆಫೀಸರ್’ ಅಂದಾಗಲೇ ಮನೆಯವರು ಸಿಹಿ ಹಂಚುವುದುಂಟು. ಹಂಚಲಿ, ತಪ್ಪಿಲ್ಲ. ಆದರೆ ಪೆಟಿ ಆಫೀಸರ್ ನಾವಿಕರ ಸಾಲಿನವನೇ. ರಾಷ್ಟ್ರಪತಿಗಳ ಕಮಿಷನ್ ಪಡೆದ ಆಫೀಸರ್ ಬೇರೆ. ಒಂದೇ ಹಡಗಿನಲ್ಲಿದ್ದರೂ ಇಬ್ಬರ ಊಟದ ಮನೆ ಬೇರೆ, ಮಲಗುವ ಜಾಗ ಬೇರೆ. ದೀರ್ಘ ಸೇವೆ ಮಾಡಿದ ಹಿರಿಯ ನಾವಿಕರಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯೋತ್ಸವದ ಸಂದರ್ಭಗಳಲ್ಲಿ ಗೌರವ ಕಮಿಷನ್ ಕೊಡುವ ಪದ್ಧತಿಯೂ ಉಂಟು. ಅದು ದುಡಿದ ಬಾಳಿಗೆ ಹೊದಿಸುವ ಶಾಲು.

ಸಂಬಳದ ಅಂತರವನ್ನೂ ನೋಡಿ. 7ನೇ ವೇತನ ಆಯೋಗದ ಪಟ್ಟಿಯಲ್ಲಿ ನಾವಿಕನ ಮೂಲವೇತನ ಶುರುವಾಗುವುದು 21,700 ರೂಪಾಯಿಗೆ, ಆಫೀಸರದ್ದು 56,100ಕ್ಕೆ. ಮಿಲಿಟರಿ ಸೇವಾ ಭತ್ಯೆ ನಾವಿಕನಿಗೆ 5,200, ಆಫೀಸರಿಗೆ 15,500.

ಜಾಹೀರಾತಿನ ಒಂದು ಸಾಲು

ನಾವಿಕರ ಭರ್ತಿಗೆ ಹಿಂದೆ ಬರುತ್ತಿದ್ದ ಜಾಹೀರಾತುಗಳನ್ನು ಗಮನವಿಟ್ಟು ಓದಿದವರಿಗೆ ಒಂದು ಸಾಲು ನೆನಪಿರಬಹುದು. ಚೆನ್ನಾಗಿ ಕೆಲಸ ಮಾಡಿ ನಿಗದಿತ ಪರೀಕ್ಷೆ ಪಾಸು ಮಾಡಿದವರಿಗೆ ಕಮಿಷನ್ಡ್ ಆಫೀಸರ್ ಆಗುವ ಅವಕಾಶವೂ ಇದೆ ಎಂಬ ಅರ್ಥದ ಸಾಲು ಅದು. ಎಷ್ಟೋ ಮಂದಿ ಸಂಬಳದ ಅಂಕಿ ನೋಡಿ ಪುಟ ಮಡಚುತ್ತಿದ್ದರು.

ಆ ಸಾಲಿನ ಹಿಂದೆ ಎರಡು ಯೋಜನೆಗಳಿವೆ. ಒಂದರ ಹೆಸರು ಕಮಿಷನ್ ವರ್ದಿ, ಚಿಕ್ಕದಾಗಿ ಸಿ.ಡಬ್ಲ್ಯೂ. ಇದು ಇನ್ನೂ ವಯಸ್ಸಿರುವ, ಚುರುಕಾದ ನಾವಿಕರಿಗೆ. ಆಯ್ಕೆಯಾದವ ಉಳಿದ ಆಫೀಸರುಗಳ ಸಾಲಿಗೇ ಸೇರುತ್ತಾನೆ. ಇನ್ನೊಂದು ಸ್ಪೆಷಲ್ ಡ್ಯೂಟೀಸ್, ಅಂದರೆ ಎಸ್.ಡಿ. ತನ್ನ ವಿಭಾಗದ ಕೆಲಸದಲ್ಲಿ ವರ್ಷಗಟ್ಟಲೆ ಪಳಗಿದ ಹಿರಿಯ ನಾವಿಕರಿಗೆ ಇದು. ಎಂಜಿನ್ ಕೋಣೆಯಲ್ಲೋ, ಫಿರಂಗಿಯ ಬಳಿಯೋ, ವೈರ್‌ಲೆಸ್ ಮುಂದೆಯೋ ಕೂದಲು ನರೆಸಿಕೊಂಡ ಅನುಭವವನ್ನು ಪಡೆ ಆಫೀಸರ್ ದರ್ಜೆಯಲ್ಲಿ ಬಳಸಿಕೊಳ್ಳುತ್ತದೆ.

ಈ ಏರ್ಪಾಟು ಹೊಸದಲ್ಲ. ಬ್ರಿಟಿಷ್ ನೌಕಾದಳದಲ್ಲಿ ಆಫೀಸರ್ ಆಗಲು ಆಯ್ಕೆಯಾದ ನಾವಿಕರನ್ನು ‘ಅಪ್ಪರ್ ಯಾರ್ಡ್‌ಮನ್’ ಎನ್ನುತ್ತಿದ್ದರು. ಹಾಯಿ ಹಡಗಿನ ಕಾಲದಲ್ಲಿ ಕೂವೆಮರದ ಅತಿ ಎತ್ತರದ ಅಡ್ಡಮರಕ್ಕೆ ಹತ್ತಿ ಹಾಯಿ ಕಟ್ಟುವ ಕೆಲಸ ಎಲ್ಲರಿಗೂ ಒಗ್ಗುತ್ತಿರಲಿಲ್ಲ. ಅತ್ಯಂತ ಚುರುಕಾದವರನ್ನೇ ಅಲ್ಲಿಗೆ ಹತ್ತಿಸುತ್ತಿದ್ದರು. ಆ ಹೆಸರೇ ಉಳಿಯಿತು.

ಭೂಸೇನೆಯಲ್ಲೂ ಇಂಥದೇ ಏಣಿಯಿದೆ. 1929ರಲ್ಲಿ ಶುರುವಾದ ಕಿಚನರ್ ಕಾಲೇಜಿನ ಬೇರಿನಿಂದ ಬಂದ ಆರ್ಮಿ ಕೆಡೆಟ್ ಕಾಲೇಜು 1977ರಿಂದ ಡೆಹ್ರಾಡೂನ್‌ನಲ್ಲಿದೆ. ಅಲ್ಲಿ ಸಿಪಾಯಿಗಳು ಮೂರು ವರ್ಷ ಓದಿ ಪದವಿ ಪಡೆದು, ಇನ್ನೊಂದು ವರ್ಷ ಮಿಲಿಟರಿ ಅಕಾಡೆಮಿಯಲ್ಲಿ ಕಳೆದು ಲೆಫ್ಟಿನೆಂಟ್ ಆಗಿ ಹೊರಬರುತ್ತಾರೆ.

ಮೊದಲ ಪರೀಕ್ಷೆ ಹಡಗಿನಲ್ಲೇ

ನಾವಿಕನ ಅರ್ಜಿ ಅಂಚೆ ಡಬ್ಬಕ್ಕೆ ಬೀಳುವುದಿಲ್ಲ. ಪ್ರತಿಯೊಬ್ಬ ನಾವಿಕನಿಗೂ ಒಬ್ಬ ಡಿವಿಷನಲ್ ಆಫೀಸರ್ ಇರುತ್ತಾರೆ. ಅವರ ಮೂಲಕ ಹಡಗಿನ ಕಮಾಂಡಿಂಗ್ ಆಫೀಸರ್ ಬಳಿಗೆ ಕಾಗದ ಹೋಗಬೇಕು. ‘ಈತ ಆಫೀಸರ್ ಆಗಲು ಯೋಗ್ಯ’ ಎಂಬ ಶಿಫಾರಸು ಬೇಕು. ವರ್ಷಗಳಿಂದ ಬರೆದಿಟ್ಟ ನಡತೆಯ ದಾಖಲೆ ಚೊಕ್ಕಟವಾಗಿರಬೇಕು. ಅಲ್ಲಿಗೆ ಲಿಖಿತ ಪರೀಕ್ಷೆ ಬರೆಯುವುದಕ್ಕೆ ಮುಂಚೆಯೇ ಒಂದು ಪರೀಕ್ಷೆ ಮುಗಿದಂತಾಯಿತು. ಪ್ರಶ್ನೆಪತ್ರಿಕೆ ಇಲ್ಲದ ಪರೀಕ್ಷೆ ಅದು.

ಓದುವುದಾದರೂ ಎಲ್ಲಿ? ಮೈಸೂರಿನ ಕಾಲೇಜು ಹುಡುಗನಿಗೆ ಲೈಬ್ರರಿ ಉಂಟು, ಕೋಚಿಂಗ್ ಉಂಟು, ಬೆಳಿಗ್ಗೆ ಅಮ್ಮನ ಕೈ ಕಾಫಿ ಉಂಟು. ಹಡಗಿನ ಹುಡುಗನಿಗೆ ಪಾಳಿ. ನಾಲ್ಕು ಗಂಟೆ ಕಾವಲು ಮುಗಿಸಿ, ಉಳಿದ ಕೆಲಸ ಮುಗಿಸಿ, ಹತ್ತಾರು ಮಂದಿ ಮಲಗುವ ಮೆಸ್ಸಿನ ಮೂಲೆಯಲ್ಲಿ ಪುಸ್ತಕ ತೆರೆಯಬೇಕು. ಹಡಗು ಸಮುದ್ರದಲ್ಲಿದ್ದರೆ ಮನೆಗೆ ಫೋನೂ ಇಲ್ಲ. ‘ಮಗ ಒಂದ್ ಮಾತೂ ಆಡಲ್ಲ’ ಅಂತ ಕೊರಗುವ ತಾಯಂದಿರು ಇದನ್ನು ತಿಳಿದರೆ ಒಳ್ಳೆಯದು.

ಐದು ದಿನ, ಹದಿನೈದು ಗುಣ

ಲಿಖಿತ ಪರೀಕ್ಷೆಯ ಆಚೆ ನಿಂತಿರುವುದು ಎಸ್‌ಎಸ್‌ಬಿ, ಸೇವಾ ಆಯ್ಕೆ ಮಂಡಳಿ. ಕಮಿಷನ್ ವರ್ದಿ ನಾವಿಕನೂ ಇದನ್ನು ದಾಟಲೇಬೇಕು. ನೌಕಾಪಡೆಯ ಅಭ್ಯರ್ಥಿಗಳನ್ನು ಬೆಂಗಳೂರು, ಭೋಪಾಲ, ಕೋಲ್ಕತ್ತ, ವಿಶಾಖಪಟ್ಟಣದಂಥ ಕಡೆ ಕರೆಯುತ್ತಾರೆ. ಇದೇ ಬಗೆಯ ವಾಯುಪಡೆಯ ಮಂಡಳಿ ನಮ್ಮ ಮೈಸೂರಿನ ಸಿದ್ಧಾರ್ಥನಗರದಲ್ಲೇ ಇದೆ. ಲಕ್ಷ್ಮೀಪುರಂನಿಂದ ಸಿಟಿ ಬಸ್ಸಿನಲ್ಲಿ ಹೋಗಿಬರುವ ದೂರ. ನಗರದ ರೈಲ್ವೆ ನಿಲ್ದಾಣದಲ್ಲಿ ನೀಟಾಗಿ ಇಸ್ತ್ರಿ ಮಾಡಿದ ಬಟ್ಟೆ, ಹೊಳೆಯುವ ಬೂಟು, ಕೈಯಲ್ಲಿ ಸರ್ಟಿಫಿಕೇಟ್ ಫೈಲು ಹಿಡಿದು ಇಳಿಯುವ ಪರವೂರಿನ ತರುಣರನ್ನು ಆಟೋದವರು ಸುಲಭವಾಗಿ ಗುರುತಿಸುತ್ತಾರೆ.

ಒಳಗೆ ನಡೆಯುವುದೇನು? ಅಭ್ಯರ್ಥಿಯ ಎದೆಗೆ ಒಂದು ನಂಬರ್ ಕಟ್ಟುತ್ತಾರೆ. ಐದು ದಿನ ಅದೇ ಅವನ ಹೆಸರು. ಮೊದಲ ದಿನ ಬುದ್ಧಿಶಕ್ತಿಯ ಪರೀಕ್ಷೆ ಮತ್ತು ಒಂದು ಮಸುಕು ಚಿತ್ರ. ಚಿತ್ರ ನೋಡಿ ಕಥೆ ಬರೆದು, ಗುಂಪಿನಲ್ಲಿ ಚರ್ಚಿಸಬೇಕು. ಸಂಜೆಯೊಳಗೆ ಜರಡಿ ಹಿಡಿದು ಹಲವರನ್ನು ಅಂದೇ ವಾಪಸು ಕಳಿಸುತ್ತಾರೆ.

ಉಳಿದವರಿಗೆ ಮನಶ್ಶಾಸ್ತ್ರದ ಪರೀಕ್ಷೆ. 60 ಪದ, ಪದವೊಂದಕ್ಕೆ 15 ಸೆಕೆಂಡು. ಅಷ್ಟರಲ್ಲಿ ಮನಸ್ಸಿಗೆ ಬಂದ ವಾಕ್ಯ ಬರೆಯಬೇಕು. 60 ಸಂದರ್ಭ, ಒಟ್ಟು 30 ನಿಮಿಷ; ಇಂಥಾ ಇಕ್ಕಟ್ಟಿನಲ್ಲಿ ನೀನೇನು ಮಾಡ್ತೀಯಾ ಅಂತ ಹೇಳಬೇಕು. ಆಮೇಲೆ ಬಯಲಿನಲ್ಲಿ ಹಲಗೆ, ಹಗ್ಗ, ಡ್ರಮ್ ಕೊಟ್ಟು ಗುಂಪನ್ನು ಅಡ್ಡಿ ದಾಟಿಸುವ ಆಟ. ಜತೆಗೆ ದೀರ್ಘ ಸಂದರ್ಶನ. ಕೊನೆಯ ದಿನ ಮಂಡಳಿಯವರೆಲ್ಲ ಒಟ್ಟಿಗೆ ಕೂತು ಒಬ್ಬೊಬ್ಬರನ್ನೇ ಕರೆದು ತೀರ್ಮಾನ.

ಅವರು ಹುಡುಕುವುದು ಆಫೀಸರಿಗೆ ಬೇಕಾದ 15 ಗುಣಗಳನ್ನು. ಮನಶ್ಶಾಸ್ತ್ರಜ್ಞ, ಬಯಲಿನ ಆಫೀಸರ್, ಸಂದರ್ಶಕ, ಮೂವರೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ‘ಮನಸಾ, ವಾಚಾ, ಕರ್ಮಣಾ’ ಅನ್ನುವುದು ಇಲ್ಲಿ ಬರಿ ಮಾತಲ್ಲ. ಯೋಚಿಸಿದ್ದು, ಆಡಿದ್ದು, ಮಾಡಿದ್ದು ಮೂರೂ ತಾಳೆಯಾಗಬೇಕು. ಉರು ಹೊಡೆದು ಬಂದವ ಸಿಕ್ಕಿಬೀಳುವುದು ಇಲ್ಲೇ.

ನಾವಿಕನಿಗೆ ಇಲ್ಲೊಂದು ವಿಚಿತ್ರ ತೊಡಕು. ವರ್ಷಗಳಿಂದ ಅವನಿಗೆ ಕಲಿಸಿರುವುದು ಆಜ್ಞೆ ಪಾಲಿಸುವುದನ್ನು. ಈಗ ಒಮ್ಮೆಲೇ ‘ನೀನೇ ಮುಂದೆ ನಿಂತು ನಾಲ್ಕು ಜನರನ್ನು ನಡೆಸು’ ಅನ್ನುತ್ತಾರೆ. ಪಕ್ಕದಲ್ಲಿ ಮಾತಿನಮಲ್ಲರಾದ ಕಾಲೇಜು ಹುಡುಗರು ಇದ್ದರಂತೂ ಕನ್ನಡ ಶಾಲೆಯಲ್ಲಿ ಓದಿದವ ಇಂಗ್ಲಿಷಿಗೆ ತಡವರಿಸುತ್ತಾನೆ. ಹಾಗಂತ ಅವನ ಕೈ ಬರಿದಲ್ಲ. ಹಗ್ಗದ ಗಂಟು, ಭಾರ ಎತ್ತುವ ಉಪಾಯ, ಜತೆಯವನ ಹೆಗಲು ನಂಬುವ ಅಭ್ಯಾಸ, ಇವು ಅವನ ದಿನದ ಕೆಲಸ. ನಡುಸಮುದ್ರದಲ್ಲಿ ನಿಜವಾಗಿ ಎದುರಿಸಿದ್ದನ್ನು ಹೇಳುವವನು ಕಥೆ ಕಟ್ಟಬೇಕಾಗಿಲ್ಲ.

ಮರಳಿ ಅದೇ ಮೆಸ್ಸಿಗೆ

ಸೋತ ಕಾಲೇಜು ಹುಡುಗ ಮನೆಗೆ ಬಂದು ಎರಡು ದಿನ ಮುಖ ಮುಚ್ಚಿ ಮಲಗಬಹುದು. ಸೋತ ನಾವಿಕ ಅದೇ ಹಡಗಿಗೆ, ಅದೇ ಮೆಸ್ಸಿಗೆ ಹಿಂತಿರುಗಬೇಕು. ‘ಏನ್ ಸಾಹೇಬ್ರೇ, ಬಂದ್ಬಿಟ್ರಾ?’ ಅನ್ನುವ ಗೇಲಿಯನ್ನು ನುಂಗಿ ಮರುದಿನ ಪಾಳಿಗೆ ನಿಲ್ಲಬೇಕು. ಅರ್ಜಿ ಹಾಕುವ ಧೈರ್ಯದ ಬೆಲೆ ಇರುವುದು ಇಲ್ಲಿ. ಗೆದ್ದವನಿಗೂ ಕಷ್ಟವಿಲ್ಲದಿಲ್ಲ. ನಿನ್ನೆ ತಟ್ಟೆ ಹಂಚಿಕೊಂಡ ಗೆಳೆಯ ನಾಳೆ ಸೆಲ್ಯೂಟ್ ಹೊಡೆಯುತ್ತಾನೆ.

ಮೇಲಿನವರಿಗೂ ಕೆಳಗಿನವರಿಗೂ ನಡುವಿನ ಗೋಡೆ ತೀರಾ ಎತ್ತರವಾದರೆ ಏನಾಗುತ್ತದೆ ಎಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಯಿದೆ. 1946ರ ಫೆಬ್ರವರಿ 18ರಂದು ಮುಂಬಯಿಯ ತಲ್ವಾರ್ ತರಬೇತಿ ಕೇಂದ್ರದಲ್ಲಿ ನಾವಿಕರು ಊಟ ನಿರಾಕರಿಸಿದರು. ಕೆಟ್ಟ ಊಟ ಮತ್ತು ಬಿಳಿ ಆಫೀಸರರ ಬೈಗುಳ ಅವರ ಸಿಟ್ಟಿನ ಕಾರಣಗಳಲ್ಲಿ ಮುಖ್ಯವಾದವು. ಕೆಲವೇ ದಿನಗಳಲ್ಲಿ ಸುಮಾರು 20,000 ನಾವಿಕರು ಸೇರಿದರು. ಹಡಗುಗಳೇ 78 ಎಂಬುದು ಲೆಕ್ಕ. ಕೆಳಗಿನಿಂದ ಮೇಲಕ್ಕೆ ಒಂದು ಏಣಿ ಇರುವುದು ಪಡೆಯ ಆರೋಗ್ಯಕ್ಕೂ ಒಳ್ಳೆಯದು. ಎಂಜಿನ್ನಿನ ಮಸಿ ಕಂಡ ಆಫೀಸರಿಗೆ ಮಸಿಯಲ್ಲಿರುವವನ ಕಷ್ಟ ಹೇಳಿಕೊಡಬೇಕಾಗಿಲ್ಲ.

ಈಗ ನಾಲ್ಕು ವರ್ಷದ ಗಡುವು

ಈ ಎಲ್ಲದಕ್ಕೂ ಹೊಸ ತಿರುವು ಕೊಟ್ಟಿದ್ದು 2022ರ ಜೂನ್ 14ರಂದು ಪ್ರಕಟವಾದ ಅಗ್ನಿಪಥ ಯೋಜನೆ. ಅಲ್ಲಿಂದೀಚೆಗೆ ನಾವಿಕನಾಗಬಯಸುವವ ಮೊದಲು ಅಗ್ನಿವೀರನಾಗಬೇಕು. ಅವಧಿ ನಾಲ್ಕೇ ವರ್ಷ. ಮೊದಲ ವರ್ಷ ತಿಂಗಳಿಗೆ 30,000, ನಾಲ್ಕನೇ ವರ್ಷ 40,000 ರೂ. ಅದರಲ್ಲಿ ಶೇ. 30 ನಿಧಿಗೆ ಹೋಗುತ್ತದೆ, ಸರ್ಕಾರವೂ ಅಷ್ಟೇ ಸೇರಿಸುತ್ತದೆ. ಹೊರಬರುವಾಗ ಸುಮಾರು 11.71 ಲಕ್ಷ ರೂ. ಗಂಟು. ಪಿಂಚಣಿ ಇಲ್ಲ. ಹೆಚ್ಚೆಂದರೆ ನೂರಕ್ಕೆ 25 ಮಂದಿಯನ್ನು ಕಾಯಂ ಸೇವೆಗೆ ತೆಗೆದುಕೊಳ್ಳುತ್ತಾರೆ. ಅವರು ಮುಂದೆ ಕನಿಷ್ಠ 15 ವರ್ಷ ದುಡಿಯಬೇಕು.

ನೌಕಾಪಡೆಯ ಮೊದಲ ಅಗ್ನಿವೀರರ ತಂಡ ಚಿಲ್ಕಾದಲ್ಲಿ ತರಬೇತಿ ಮುಗಿಸಿದ್ದು 2023ರ ಮಾರ್ಚ್ 28ರಂದು. ಹೆಣ್ಣುಮಕ್ಕಳು ಮೊಟ್ಟಮೊದಲು ನಾವಿಕರಾದದ್ದೂ ಅದೇ ತಂಡದಲ್ಲಿ. 2022ರ ಕೊನೆಯಲ್ಲಿ ಸೇರಿದ ಆ ತಂಡದ ನಾಲ್ಕು ವರ್ಷ ಮುಗಿಯುವುದು 2026ರ ಕೊನೆಗೆ.

ಹಾಗಾಗಿ ಹುಡುಗ ಮೊದಲು ದಾಟಬೇಕಾದದ್ದು ನಾಲ್ವರಲ್ಲಿ ಒಬ್ಬನಾಗುವ ಹೊಸ್ತಿಲು. ‘ನಿಧಾನಕ್ಕೆ ಓದ್ಕೊಂಡ್ರಾಯ್ತು’ ಅನ್ನುವ ಕಾಲ ಹೋಯಿತು. ಅಗ್ನಿವೀರರಿಗೆಂದೇ ಇಗ್ನೊ ಮೂರು ವರ್ಷದ ಪದವಿಯೊಂದನ್ನು ರೂಪಿಸಿದೆ. ಸೇವೆಯಲ್ಲಿ ಪಡೆದ ತರಬೇತಿಗೇ ಅರ್ಧದಷ್ಟು ಅಂಕ. ಒಳಗೇ ಉಳಿಯಲಿ, ಹೊರಗೆ ಬರಲಿ, ಪದವಿ ಕೈಯಲ್ಲಿದ್ದರೆ ಮುಂದಿನ ಅರ್ಜಿಗೆ ಬಲ.

ಮನೆಯವರಿಗೆ ಎರಡು ಮಾತು

ಇಂಥ ಕಡೆ ಹಣದ ಆಸೆಯವರೂ ಮೂಸುತ್ತಾ ಬರುತ್ತಾರೆ. ‘ಮೇಲಿನವರ ಪರಿಚಯ ಉಂಟು, ಇಷ್ಟು ಕೊಟ್ಟರೆ ಎಸ್‌ಎಸ್‌ಬಿ ಪಾಸು’ ಅನ್ನುವವ ಸಿಕ್ಕರೆ ಲಕ್ಷ್ಮೀಪುರಂ ಪೊಲೀಸ್ ಠಾಣೆ ದೂರವಿಲ್ಲ. ಮೂವರು ಬೇರೆ ಬೇರೆಯಾಗಿ ಅಳೆಯುವ ಪರೀಕ್ಷೆಯನ್ನು ದಳ್ಳಾಳಿ ಮಾರಲಾರ. ಕೋಚಿಂಗಿಗೆ ಚೀಟಿ ಹಣ ಸುರಿಯುವ ಮುಂಚೆಯೂ ಯೋಚಿಸಿ. ದಿನಾ ಒಂದು ಇಂಗ್ಲಿಷ್ ಪತ್ರಿಕೆ, ಅದನ್ನು ಗಟ್ಟಿಯಾಗಿ ಓದಿ ನಾಲ್ಕು ಮಾತಾಡುವ ಅಭ್ಯಾಸಕ್ಕೆ ಖರ್ಚು ಕಡಿಮೆ. ವಯಸ್ಸಿನ ಮಿತಿ, ಸೇವಾವಧಿಯ ನಿಯಮವನ್ನು ಅಂಗಡಿಕಟ್ಟೆಯಲ್ಲಿ ಕೇಳದೆ ಹುಡುಗ ತನ್ನ ಡಿವಿಷನಲ್ ಆಫೀಸರನ್ನೇ ಕೇಳಲಿ.

ಇನ್ನು ಶಾಲೆ ಕಾಲೇಜಿನಲ್ಲೇ ಇರುವವರು ಆಫೀಸರ್ ಬಾಗಿಲನ್ನು ಮೊದಲೇ ತಟ್ಟುವುದು ಜಾಣತನ. ಎನ್‌ಡಿಎಗೆ ವಯಸ್ಸು ಮೀರಿದ ಮೇಲೆ ಪರಿತಪಿಸಿದರೆ ಫಲವಿಲ್ಲ.

ಗೆದ್ದ ನಾವಿಕ ತರಬೇತಿಗೆ ಹೋಗುವುದು ಎಳಿಮಲದ ನೌಕಾ ಅಕಾಡೆಮಿಗೆ. 2009ರ ಜನವರಿ 8ರಂದು ಉದ್ಘಾಟನೆಯಾದ ಇದು ಇರುವುದು ಕಣ್ಣೂರು ಜಿಲ್ಲೆಯಲ್ಲಿ. ಮಂಗಳೂರಿನಿಂದ ರೈಲು ಹಿಡಿದು ಕಾಸರಗೋಡು ದಾಟಿದರೆ ಪಯ್ಯನೂರು, ಅಲ್ಲಿಂದ ಹತ್ತಿರ. ಕೊನೆಯ ಕವಾಯತಿನ ದಿನ ಹೊಸ ಆಫೀಸರನ ಹೆಗಲಿಗೆ ಪಟ್ಟಿ ತೊಡಿಸುವವರು ಅಡ್ಮಿರಲ್ಲುಗಳಲ್ಲ, ತಂದೆ ತಾಯಿಗಳು.

ಅಂಗಡಿ ಬಾಗಿಲು ಒಂದು ದಿನ ಮುಚ್ಚಿದರೂ ನಷ್ಟವಿಲ್ಲದ ಪ್ರಯಾಣ ಅದು. ಆದರೆ ಟಿಕೆಟ್ ಕೊಳ್ಳಬೇಕಾದವನು ಹುಡುಗ, ಇವತ್ತಿನ ಪಾಳಿ ಮುಗಿದ ಮೇಲೆ ಪುಸ್ತಕ ತೆರೆದು.