ರಿಂಗ್ ಆಗುವ ಮುನ್ನವೇ ಬಂದ ನಂಬರು

08481 ಅಂದರೆ ಬಸವಕಲ್ಯಾಣ, 08483 ಅಂದರೆ ಹುಮನಾಬಾದ್. ಎಸ್‌ಟಿಡಿ ಬೂತ್‌ಗಳ ಕಾಲದಲ್ಲಿ ನಮ್ಮ ಬೀದರ್ ಜಿಲ್ಲೆಯವರಿಗೆ ಇದು ಬಾಯಿಪಾಠ. ನಂಬರು ಕಂಡರೆ ಊರು ತಿಳಿಯುತ್ತಿತ್ತು. ಮೊಬೈಲಿನ ಹತ್ತು ಅಂಕೆಗಳಿಗೆ ಊರಿಲ್ಲ. ತೊಗರಿ ದರ ಹೇಳಲು ಹುಮನಾಬಾದಿನ ಅಡತಿ ಅಂಗಡಿಯಿಂದ ಬಂದ ಕರೆ, ಬ್ಯಾಂಕಿನವನೆಂದು ಓಟಿಪಿ ಕೇಳುವ ವಂಚಕನ ಕರೆ, ಎರಡೂ ಪರದೆಯ ಮೇಲೆ ಒಂದೇ ಥರ ಕಾಣುತ್ತವೆ. ಹೆಸರು ತೋರಿಸುವ ಆ್ಯಪ್‌ಗಳನ್ನು ಜನ ನೆಚ್ಚಿಕೊಂಡದ್ದು ಇದರಿಂದಲೇ. ಆ ಆ್ಯಪ್‌ಗೆ ನಂಬರು ಸಿಗುವುದು ಎಲ್ಲಿಂದ?

ಬಸವಕಲ್ಯಾಣದಿಂದ ಯಾರೋ ಹುಮನಾಬಾದಿನ ನೆಂಟರಿಗೆ ಫೋನ್ ಹಚ್ಚಿದರೆನ್ನಿ. ನೆಂಟರ ಸಿಮ್ ಕೊನೆಯ ಸಲ ಯಾವ ಭಾಗದಲ್ಲಿ ಗುರುತು ಹಾಕಿಸಿಕೊಂಡಿತ್ತು ಎಂದು ಜಾಲ ತನ್ನ ದಾಖಲೆ ನೋಡುತ್ತದೆ. ಆ ಭಾಗದ ಟವರ್‌ಗಳೆಲ್ಲ ಒಟ್ಟಿಗೆ ಕೂಗುತ್ತವೆ, ಫೋನು ಓಗೊಡುತ್ತದೆ. 2ಜಿ ಜಾಲವಾದರೆ ಆಗ ‘ಸೆಟಪ್’ ಎಂಬ ಪುಟ್ಟ ಸಂದೇಶ ಬರುತ್ತದೆ. ಕರೆದವರ ನಂಬರು ಇರುವುದು ಅದರಲ್ಲೇ. ಒಂದು ಬೈಟಿಗೆ ಎರಡು ಅಂಕೆ, ಅದೂ ಜೋಡಿಯೊಳಗೆ ಹಿಂದುಮುಂದು: 98 ಇದ್ದದ್ದು 89 ಆಗಿ ಕೂತಿರುತ್ತದೆ. ದೇಶದ 91 ಸೇರಿ ಹನ್ನೆರಡು ಅಂಕೆ ಆರೇ ಬೈಟಿನಲ್ಲಿ ಮುಗಿಯಿತು. 4ಜಿಯಲ್ಲಿ ಇದೇ ಕೆಲಸವನ್ನು ‘ಇನ್ವೈಟ್’ ಎಂಬ ಸಂದೇಶ ಮಾಡುತ್ತದೆ. ಗಂಟೆ ಬಾರಿಸುವುದು ಆಮೇಲೆ.

ನಂಬರು ಒಮ್ಮೆ 0 ಸೇರಿಸಿಕೊಂಡು, ಒಮ್ಮೆ +91 ಸೇರಿಸಿಕೊಂಡು ಬರುತ್ತದೆ. ಅದಕ್ಕೇ ಫೋನು ಕೊನೆಯ ಅಂಕೆಯಿಂದ ಹಿಂದಕ್ಕೆ ಹೋಲಿಸುತ್ತ ನಿಮ್ಮ ಪಟ್ಟಿಯಲ್ಲಿರುವ ಹೆಸರು ಹುಡುಕುತ್ತದೆ.

ಇಷ್ಟೂ ಫೋನಿನ ಕೆಲಸ. ಆ್ಯಪ್ ಜಾಲವನ್ನು ನೇರ ಮುಟ್ಟಲಾರದು, ಫೋನನ್ನೇ ಕೇಳಬೇಕು. ಮೊದಲು ಆಂಡ್ರಾಯ್ಡ್‌ನಲ್ಲಿ ಫೋನ್ ಸ್ಥಿತಿ ನೋಡುವ ಅನುಮತಿಯೊಂದಿದ್ದರೆ ನಂಬರೂ ಸಿಗುತ್ತಿತ್ತು. 2018ರ ಆಂಡ್ರಾಯ್ಡ್ 9ರಿಂದ ಕರೆಗಳ ದಾಖಲೆ ಓದುವ ಅನುಮತಿಯೂ ಬೇಕಾಯಿತು. ಯಾರು, ಯಾವಾಗ, ಎಷ್ಟು ಹೊತ್ತು ಮಾತಾಡಿದರು ಎಂಬ ಮನೆಯ ಸಂಗತಿಯೆಲ್ಲ ಅದರಲ್ಲಿದೆ. ಒಂದು ಹೆಸರು ನೋಡುವುದಕ್ಕೆ ಇಷ್ಟು ಕೊಡುವುದು ನನಗೆ ದುಬಾರಿಯೆನಿಸುತ್ತದೆ. ಆಂಡ್ರಾಯ್ಡ್ 10 ಇದಕ್ಕಿಂತ ಒಳ್ಳೆಯ ದಾರಿ ತೆರೆಯಿತು: ಕರೆ ಸೋಸುವ ಕೆಲಸಕ್ಕೆ ನೀವೇ ಒಂದು ಆ್ಯಪ್ ಆರಿಸುತ್ತೀರಿ, ಬಂದ ನಂಬರನ್ನು ಫೋನು ಅದಕ್ಕೆ ಒಪ್ಪಿಸುತ್ತದೆ. ಆ್ಯಪ್ 5 ಸೆಕೆಂಡಿನೊಳಗೆ ತೀರ್ಮಾನ ಹೇಳಬೇಕು, ಇಲ್ಲವಾದರೆ ಫೋನು ಕಾಯುವುದಿಲ್ಲ.

ಐಫೋನಿನ ಬಿಗಿ ಇನ್ನೂ ಹೆಚ್ಚು. 2016ರಲ್ಲಿ ಬಂದ ವ್ಯವಸ್ಥೆಯಲ್ಲಿ ಆ್ಯಪ್ ತನ್ನ ನಂಬರು–ಹೆಸರುಗಳ ಪಟ್ಟಿಯನ್ನು ಮೊದಲೇ ಕೊಟ್ಟಿರಬೇಕು. ಹುಡುಕುವುದು ಫೋನೇ. ಕರೆದವರಾರೆಂದು ಆ್ಯಪ್‌ಗೆ ಗೊತ್ತೇ ಆಗುವುದಿಲ್ಲ.

ನಂಬರು ಸಿಕ್ಕಿತು, ಹೆಸರು? ಸ್ಟಾಕ್‌ಹೋಮ್‌ನಲ್ಲಿ 2009ರಲ್ಲಿ ಹುಟ್ಟಿದ ಟ್ರೂಕಾಲರ್‌ನಂಥ ಆ್ಯಪ್‌ಗಳಲ್ಲಿ ಬಹಳಷ್ಟು ಹೆಸರುಗಳು ಬಳಕೆದಾರರಿಂದಲೇ ಬಂದವು. ಅಂದರೆ ಅದು ನಾಲ್ಕು ಜನ ಹೇಳಿದ ಮಾತು, ಗುರುತಿನ ಚೀಟಿಯಲ್ಲ. ನಂಬರೇ ಸುಳ್ಳಾಗುವುದೂ ಉಂಟು. ವಿದೇಶದಿಂದ ಹೊರಟ ಕರೆ ಭಾರತದ ನಂಬರು ಹೊತ್ತು ಬರಬಲ್ಲದು. ಅಂಥವನ್ನು ತಡೆಯುವ ವ್ಯವಸ್ಥೆಯನ್ನು ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರುಮಾಡಿದಾಗ, ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆಗಳು ಸಿಕ್ಕಿಬಿದ್ದವು.

ಸಿಮ್ ಪಡೆಯುವಾಗ ಬರೆಸಿದ ಹೆಸರನ್ನು ಜಾಲವೇ ತೋರಿಸಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಫೆಬ್ರುವರಿಯಲ್ಲಿ ಶಿಫಾರಸು ಮಾಡಿತು. ಮಂದಿ ಬರೆದ ಹೆಸರಿಗಿಂತ ದಾಖಲೆಯ ಹೆಸರು ಗಟ್ಟಿ, ನಿಜ. ಆದರೆ ನಮ್ಮ ಕಡೆ ಒಂದೇ ಆಧಾರ್ ಮೇಲೆ ಮನೆಮಂದಿಯ ಸಿಮ್‌ಗಳೆಲ್ಲ ಇರುವುದುಂಟು. ಕಾಲೇಜಿಗೆ ಸೇರಲು ಬಸವಕಲ್ಯಾಣಕ್ಕೆ ಹೋದ ಹುಡುಗಿ ಹಾಸ್ಟೆಲ್ ವಾರ್ಡನ್‌ಗೆ ಮೊದಲ ಸಲ ಫೋನ್ ಹಚ್ಚಿದರೆ, ಅವರ ಪರದೆಯ ಮೇಲೆ ಮೂಡುವುದು ಹುಮನಾಬಾದಿನಲ್ಲಿರುವ ಅವಳ ಅಪ್ಪನ ಹೆಸರು.