ಇರುವೆ ಮುತ್ತಿದರೆ ಮಧುಮೇಹ, ಮುತ್ತದಿದ್ದರೆ?

ಜಾತ್ರೆಯ ದಿನಗಳಲ್ಲಿ ನಡೆಯುವ ಆರೋಗ್ಯ ತಪಾಸಣಾ ಶಿಬಿರದಿಂದ ಭಕ್ತರು ಒಂದು ಚೀಟಿ ಹಿಡಿದು ಹೊರಬರುತ್ತಾರೆ. ಅದರಲ್ಲಿ ‘ಶುಗರ್ 148’ ಎಂದಿದ್ದರೆ ಮುಖ ಬಾಡುತ್ತದೆ, ‘110’ ಎಂದಿದ್ದರೆ ಅರಳುತ್ತದೆ. ಆ 148 ಖಾಲಿ ಹೊಟ್ಟೆಯದೋ, ದಾಸೋಹದಲ್ಲಿ ಪ್ರಸಾದ ಸ್ವೀಕರಿಸಿದ ಮೇಲಿನದೋ ಎಂದು ಕೇಳುವವರು ವಿರಳ.

ಚರಕ ಸಂಹಿತೆಯು ಪ್ರಮೇಹವನ್ನು 20 ಬಗೆಯಾಗಿ ವಿಂಗಡಿಸಿ, ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಅದರ ಮುನ್ಸೂಚನೆಗಳಲ್ಲಿ ಒಂದಾಗಿ ಹೇಳಿದೆ. ಸಂಖ್ಯಾಶಾಸ್ತ್ರಜ್ಞರು ಯಾವುದೇ ಪರೀಕ್ಷೆಗೆ ಎರಡು ಪ್ರಶ್ನೆಗಳನ್ನು ಹಾಕುತ್ತಾರೆ: ರೋಗವಿರುವ ನೂರು ಜನರಲ್ಲಿ ಎಷ್ಟು ಮಂದಿಯನ್ನು ಇದು ಹಿಡಿಯುತ್ತದೆ? ರೋಗವಿಲ್ಲದ ನೂರು ಜನರಲ್ಲಿ ಎಷ್ಟು ಮಂದಿಯನ್ನು ಸರಿಯಾಗಿ ಬಿಟ್ಟುಕೊಡುತ್ತದೆ? ಇರುವೆ ಎರಡನೆಯದರಲ್ಲಿ ಜಾಣ, ಮೊದಲನೆಯದರಲ್ಲಿ ದುರ್ಬಲ. ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟುವವರೆಗೆ ಮೂತ್ರಪಿಂಡಗಳು ಅದನ್ನು ಹೊರಗೆ ಬಿಡುವುದಿಲ್ಲ. ವಯೋವೃದ್ಧರಲ್ಲಿ ಈ ಮಿತಿ ಇನ್ನೂ ಮೇಲೇರಿರುವುದುಂಟು.

ಈ ಮಾತನ್ನು ನಾನು ಕಲಿತದ್ದು ತಡವಾಗಿ. ವೃತ್ತಿಯ ಆರಂಭದ ವರ್ಷಗಳಲ್ಲಿ ಬೆನೆಡಿಕ್ಟ್ ದ್ರಾವಣದಲ್ಲಿ ಮೂತ್ರ ಕಾಯಿಸಿ ನೋಡುತ್ತಿದ್ದೆವು. ವೃದ್ಧ ರೈತರೊಬ್ಬರ ಮೂತ್ರ ಹಾಕಿದಾಗ ದ್ರಾವಣದ ನೀಲಿ ಬಣ್ಣ ಬದಲಾಗಲಿಲ್ಲ. ‘ನಿಮಗೇನೂ ಇಲ್ಲ’ ಎಂದು ಕಳುಹಿಸಿದೆ. ಕೆಲವು ವರ್ಷಗಳ ಬಳಿಕ ಅವರು ಮೊಮ್ಮಗನ ಕೈಹಿಡಿದು ಬಂದರು. ಮಧುಮೇಹ ಕಣ್ಣಿನ ಪೊರೆಯ ಹಿಂದಿನ ನರಪಟಲವನ್ನು ಹಾಳುಮಾಡಿತ್ತು. ಅವರು ನನ್ನನ್ನು ದೂರಲಿಲ್ಲ. ಅದೇ ನನಗೆ ಹೆಚ್ಚು ನೋವಾಯಿತು.

ಈಗ ಎಲ್ಲರಿಗೂ ಬಾಯಿಪಾಠವಾಗಿರುವ 126 ಎಂಬ ಅಂಕಿ ಹುಟ್ಟಿದ್ದೂ ಕಣ್ಣಿನಿಂದಲೇ. ಖಾಲಿ ಹೊಟ್ಟೆಯ ಮಿತಿ ಮೊದಲು 140 ಇತ್ತು. ಅಮೆರಿಕದ ಪಿಮಾ ಬುಡಕಟ್ಟಿನವರಲ್ಲಿ, ಈಜಿಪ್ಟಿನವರಲ್ಲಿ ಹಾಗೂ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ನರಪಟಲದ ಹಾನಿ ಯಾವ ಮಟ್ಟದಿಂದ ಏರತೊಡಗುತ್ತದೆ ಎಂಬುದನ್ನು ಪರಿಶೀಲಿಸಿ, 1997ರಲ್ಲಿ ಅಮೆರಿಕದ ಮಧುಮೇಹ ಸಂಘವು ಅದನ್ನು 126ಕ್ಕೆ ಇಳಿಸಿತು.

ಇನ್ನು ಬೆರಳು ಚುಚ್ಚುವ ಯಂತ್ರದ ಮಾತು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಸಕ್ಕರೆ 100ಕ್ಕಿಂತ ಮೇಲಿದ್ದಾಗ ನೂರರಲ್ಲಿ 95 ಅಳತೆಗಳು ಶೇಕಡ 15ರಷ್ಟು ಆಚೀಚೆಯೊಳಗೆ ಇದ್ದರೆ ಸಾಕು. ನಿಜವಾದ 126ನ್ನು ಅದು 107 ಎಂದೂ 145 ಎಂದೂ ತೋರಿಸಬಹುದು. ರೋಗವಿದೆಯೆಂದು ತಿಳಿದವರು ಮನೆಯಲ್ಲಿ ಏರಿಳಿತ ಗಮನಿಸಲು ಅದು ಉಪಯುಕ್ತ, ರೋಗನಿರ್ಣಯಕ್ಕಲ್ಲ.

ಶಿಬಿರದ ಲೆಕ್ಕವನ್ನೂ ನೋಡೋಣ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವು ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ, ಅಂದರೆ ಸುಮಾರು 10 ಕೋಟಿ ಜನರಿಗೆ, ಮಧುಮೇಹವಿದೆ ಎಂದಿತು. ಅನುಕೂಲಕ್ಕಾಗಿ ಸಾವಿರ ಭಕ್ತರಲ್ಲಿ 110 ಎಂದು ಹಿಡಿಯೋಣ. ನೂರು ರೋಗಿಗಳಲ್ಲಿ 80 ಜನರನ್ನು ಹಿಡಿದು, ನೂರು ನಿರೋಗಿಗಳಲ್ಲಿ 90 ಜನರನ್ನು ಬಿಡುವ ಪರೀಕ್ಷೆಯಿದೆ ಎನ್ನೋಣ. ಅದು 88 ರೋಗಿಗಳನ್ನು ಹಿಡಿದು 22 ಮಂದಿಯನ್ನು ತಪ್ಪಿಸುತ್ತದೆ. ಉಳಿದ 890 ನಿರೋಗಿಗಳಲ್ಲಿ 89 ಮಂದಿಗೆ ವೃಥಾ ಭಯ ಹುಟ್ಟಿಸುತ್ತದೆ. ‘ಇದೆ’ ಎಂಬ ಚೀಟಿ ಪಡೆದ 177 ಜನರಲ್ಲಿ ಅರ್ಧಕ್ಕರ್ಧ ಮಂದಿಗೆ ರೋಗವೇ ಇಲ್ಲ! ಪರೀಕ್ಷೆ ಕೆಟ್ಟದ್ದಲ್ಲ, ಅದು ಶೋಧಿಸುವ ಜರಡಿಯೇ ಹೊರತು ತೀರ್ಪಲ್ಲ.

ಆದ್ದರಿಂದಲೇ ಅತಿದಾಹ, ಬಹುಮೂತ್ರ, ತೂಕ ಇಳಿಯುವಿಕೆಯಂಥ ಲಕ್ಷಣಗಳಿಲ್ಲದವರಲ್ಲಿ ಪ್ರಯೋಗಾಲಯದ ಎರಡು ಫಲಿತಾಂಶಗಳು ಮಿತಿ ಮೀರಿದರೆ ಮಾತ್ರ ರೋಗವೆಂದು ಹೇಳಬೇಕು. ಮೂರು ತಿಂಗಳ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ 6.5 ಮಿತಿ. ಆದರೆ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಇದು ಸಕ್ಕರೆ ಏರದೆಯೂ ಏರಿ ಕಾಣಬಹುದು. ನಮ್ಮ ತಾಯಂದಿರಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದನ್ನು ಹೇಳಬೇಕಾಗಿಲ್ಲ. ಅಂಥವರು ಹಿಮೋಗ್ಲೋಬಿನ್ ವರದಿಯನ್ನೂ, ಖಾಲಿ ಹೊಟ್ಟೆಯ ರಕ್ತಪರೀಕ್ಷೆಯ ವರದಿಯನ್ನೂ ಜೊತೆಗೇ ವೈದ್ಯರಿಗೆ ತೋರಿಸಬೇಕು. ಈಗಾಗಲೇ ಔಷಧ ಸೇವಿಸುತ್ತಿರುವವರು ಶಿಬಿರದ ಒಂದು ಒಳ್ಳೆಯ ಅಂಕಿಯನ್ನು ನಂಬಿ ಅದನ್ನು ನಿಲ್ಲಿಸಕೂಡದು. ಆ ಅಂಕಿಯನ್ನು ತಗ್ಗಿಸಿರುವುದು ಬಹುಶಃ ಅದೇ ಔಷಧ.